ನೀವು ನಾಲ್ಕೇ ಎಂದು ಬರೆದ ಮನೆ

ಸತ್ವಾ, ದುಬೈ
13ನೇ ತಾರೀಕು, ಗುರುವಾರ

ರಿತೇಶನ ಪಪ್ಪನಿಗೆ ಜಲಜಾಕ್ಷಿಯ ನಮಸ್ಕಾರಗಳು.

ನಿಮ್ಮ ಸೊಂಟನೋವು ಹೇಗುಂಟು? ಮದೀನತ್ ಜಾಯೆದ್‌ನ ಕೆಲಸಗಾರರ ಕ್ಯಾಂಪಿನಲ್ಲಿ ಈಗಲೂ ಮೇಲಿನ ಮಂಚವನ್ನೇ ಕೊಟ್ಟಿದ್ದಾರೆಯೇ? ಮೂಸಬ್ಬರ ಪಿಕಪ್ ನಾಳೆ ಆ ಕಡೆ ಹೊರಡುತ್ತದೆ. ಒಣಮೀನಿನ ಚಟ್ನಿ, ನೋವಿನ ಎಣ್ಣೆಯ ಜೊತೆ ಈ ಕಾಗದವನ್ನೂ ಕಳುಹಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀರಿ. ನಾನು ಎರಡು ಮಾತು ಮುಗಿಸುವ ಮೊದಲೇ "ಆಯ್ತು ಮಾರಾಯ್ತಿ, ಆಮೇಲೆ ಮಾತಾಡುವ" ಎಂದು ಇಟ್ಟುಬಿಡುವವರು ನೀವು.

ಮಂಗಳವಾರ ಸಂಜೆ ಚಹಾಕ್ಕೆ ನೀರಿಟ್ಟಿದ್ದೆ. ವಿಲ್ಲಾದಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಕ್ಷಿಪಣಿ ಬರುವ ಅಪಾಯವಿದೆ, ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಎಂದು. ನಮಗೆ ಗೊತ್ತುಮಾಡಿದ್ದು ಹಿಂದಿನ ಬಿಲ್ಡಿಂಗಿನ ನೆಲದಡಿಯ ಪಾರ್ಕಿಂಗ್. ಮಕ್ಕಳ ಕೈ ಹಿಡಿದು ಓಡಿದೆ. ಪ್ಲೈವುಡ್ಡಿನಾಚೆ ಪಕ್ಕದ ಪಾರ್ಟಿಶನ್ನಿನಲ್ಲಿ ನಮಗೆ ಬಾಡಿಗೆ ಕೊಟ್ಟಿರುವ ಸುಸನ್ ಆಗಷ್ಟೇ ಆಸ್ಪತ್ರೆ ಡ್ಯೂಟಿಯಿಂದ ಬಂದು ಸ್ನಾನ ಮಾಡಿದ್ದಳು, ಒದ್ದೆ ತಲೆಯಲ್ಲೇ ಬಂದಳು. ಅದರಾಚೆಯ ಹಸೀನ ಎರಡು ವರ್ಷದ ಮಗಳನ್ನು ಎತ್ತಿಕೊಂಡಿದ್ದಳು, ಹೊಲಿಗೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಬಾಗಿಲಲ್ಲಿ ವಾಚ್‌ಮನ್ ಎಲ್ಲರ ಐಡಿ ಕಾರ್ಡನ್ನು ಮೆಷಿನ್ನಿಗೆ ತೋರಿಸಿ ನೋಡಿದ. ನಮ್ಮ ಮೂರು ಜನರದ್ದು ಹಸಿರು. ಅವರದ್ದು ಕೆಂಪು. "ಲಿಸ್ಟ್ ಮೇ ನಾಮ್ ನಹೀ ಹೈ" ಎಂದ, ಪಟ್ಟಿಯಲ್ಲಿ ಹೆಸರಿಲ್ಲವಂತೆ. ನನ್ನ ಗಂಡ ಊರಲ್ಲಿಲ್ಲ, ಅವರ ಜಾಗದಲ್ಲಿ ಈ ಮಗುವನ್ನಾದರೂ ಬಿಡಿ ಎಂದು ಬೇಡಿದೆ. ಪಾಪ, ಅವನೂ ಕಾರ್ಡನ್ನು ಇನ್ನೊಮ್ಮೆ ತೋರಿಸಿ ನೋಡಿದ, ಆದರೆ ಬಿಡಲಿಲ್ಲ. ನಾನು ಒಳಗೆ ಹೋದೆ. ಅವರು ಮೂವರೂ ಇಪ್ಪತ್ತು ನಿಮಿಷ ಗೋಡೆಗೆ ಒರಗಿ ಹೊರಗೆ ನಿಂತರು. ದೂರದಲ್ಲಿ ಎರಡು ಸಲ ಗುಡುಗಿದಂತಾಯಿತು, ಬಂದದ್ದನ್ನು ಮೇಲೆಯೇ ಹೊಡೆದು ಹಾಕಿದರಂತೆ. ಯಾರಿಗೂ ಏನೂ ಆಗಲಿಲ್ಲ. ನೀವು ಅದನ್ನೇ ಹಿಡಿದುಕೊಂಡು ಮಾತಾಡಬೇಡಿ.

ಆ ಹೊಸ ಕಾನೂನನ್ನು ಮಗಳು ನಿಖಿತಾಳಿಂದ ಓದಿಸಿದೆ. ಬರುವ ಕ್ಷಿಪಣಿಯನ್ನು ಯಾರು ನೋಡಬೇಕು, ಯಾರು ಹೊಡೆಯಬೇಕು ಎಂಬುದಕ್ಕೆ ಪುಟಗಟ್ಟಲೆ ಉಂಟು. ನಮ್ಮಂಥವರಿಗೆ ಒಂದೇ ಸಾಲು: ಮನೆಯ ಕಾಂಟ್ರಾಕ್ಟ್ ಯಾರ ಹೆಸರಿನಲ್ಲಿದೆಯೋ ಅವರು ಆ ಸೂರಿನಡಿ ಮಲಗುವ ಎಲ್ಲರ ಹೆಸರನ್ನೂ ಕೊಡಬೇಕು, ಹೆಸರಿದ್ದವರಿಗಷ್ಟೇ ಅಡಗುವ ಜಾಗ. ನೀವು ನಮ್ಮ ನಾಲ್ಕೇ ಕೊಟ್ಟಿರಿ. ಇನ್‌ಸ್ಪೆಕ್ಷನ್ ಎಂದ ಕೂಡಲೇ ಬಾಗಿಲ ಮುಂದಿನ ಚಪ್ಪಲಿಗಳನ್ನು ಚೀಲಕ್ಕೆ ತುಂಬಿ, ಸುಸನ್, ಹಸೀನರನ್ನು ಕೆಫೆಟೇರಿಯಾಕ್ಕೆ ಅಟ್ಟಿ ರೂಢಿಯಲ್ಲವೇ, ಅದೇ ಕೈಯಲ್ಲಿ ಈ ಪಟ್ಟಿಯನ್ನೂ ತುಂಬಿದಿರಿ. ಹೆಸರು ಕೊಟ್ಟರೆ ನಾವು ಕದ್ದು ಒಳಬಾಡಿಗೆಗೆ ಕೊಟ್ಟದ್ದು ಮುನಿಸಿಪಾಲಿಟಿಗೆ ತಿಳಿಯುತ್ತದೋ ಇಲ್ಲವೋ, ಅದರಲ್ಲಿ ಬರೆದಿಲ್ಲ. ಮನೆ ಹೋದೀತೆಂಬ ನಿಮ್ಮ ಹೆದರಿಕೆ ಪೂರ್ತಿ ಸುಳ್ಳೆಂದು ನಾನೂ ಹೇಳುವುದಿಲ್ಲ. ಕಾನೂನು ಬರೆದವರಿಗೆ ಆಕಾಶದ ಮೂಲೆಮೂಲೆ ಗೊತ್ತು, ಪ್ಲೈವುಡ್ ಗೋಡೆಯ ಹಿಂದೆಯೂ ಜನ ಮಲಗುತ್ತಾರೆಂದು ಗೊತ್ತಿಲ್ಲ. ಅವರಿಗಾದರೂ ಗೊತ್ತಿಲ್ಲ. ನಿಮಗೆ ಗೊತ್ತಿತ್ತು. ನಿಮಗೆ ಜ್ವರ ಬಂದಾಗ ಮೂರು ದಿನ ಇಂಜೆಕ್ಷನ್ ಕೊಟ್ಟವಳು ಸುಸನ್.

ನಿನ್ನೆ ಬೆಳಿಗ್ಗೆ ಹಸೀನ ರಿತೇಶನ ಯೂನಿಫಾರ್ಮಿನ ಪ್ಯಾಂಟು ಉದ್ದ ಮಾಡಿ ತಂದುಕೊಟ್ಟಳು. ಮಂಗಳವಾರದ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಮಕ್ಕಳು ಸೌಖ್ಯ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಮಾತ್ರೆ ತಪ್ಪಿಸಬೇಡಿ. ನಂಬಿದ ದೈವಗಳು ನಿಮ್ಮನ್ನು ಕಾಯಲಿ.

ಇಂತು ನಿಮ್ಮ
ಜಲಜಾಕ್ಷಿ

ಮರೆತಿದ್ದೆ: ನಿನ್ನೆ ಮಧ್ಯಾಹ್ನ ನಿಮ್ಮ ಫೋನಿಗೆ ಬಂದ ಒಟಿಪಿ ಕೇಳಿದೆನಲ್ಲ, ಕರೆಂಟ್ ಬಿಲ್ಲಿಗೆ ಎಂದು. ಅದು ಬಿಲ್ಲಿಗಲ್ಲ. ಪಟ್ಟಿಯಲ್ಲಿ ಈಗ ಏಳು ಹೆಸರುಗಳುಂಟು. ಈ ಮನೆ ಬಿಡಿಸಿದರೆ ಬಿಡಿಸಲಿ, ಏಳು ಜನರಿಗೆ ಆಗುವಂಥದ್ದು ಎಲ್ಲಾದರೂ ಇದ್ದರೆ ಈಗಲೇ ವಿಚಾರಿಸಿಡಿ.