ನೆಟ್ಟಗೆ ನಿಂತ ಹೊಳೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಆರನೆಯ ಮಹಡಿ ಒರೆಸಿಯಾಯಿತು. ನೆಲಮಹಡಿ ಸೇರಿ ಇನ್ನು ಆರು ಬಾಕಿ. ದಂತವೈದ್ಯರ ಬಾಗಿಲ ಮುಂದೆ ಹತ್ತಿಯುಂಡೆ ಎರಡು, ಅನಾಮಧೇಯ ಹಲ್ಲು ಒಂದು. ಹಲ್ಲನ್ನು ಸಕಲ ಮರ್ಯಾದೆಗಳೊಂದಿಗೆ ಕಸದ ಬುಟ್ಟಿಗೆ ಬೀಳ್ಕೊಟ್ಟೆ.

ಅಪ್ಪನಿಗೆ ಲಿಫ್ಟಿನಲ್ಲಿ ಇಂದು ಎಂಟನೆಯ ದಿನ. ಇಪ್ಪತ್ತಾರು ವರ್ಷ ದೋಣಿ ನಡೆಸಿದವನು. ಊರು ಸುಟ್ಟರು, ದೋಣಿ ಸುಟ್ಟರು, ಮೂರು ವರ್ಷ ಶಿಬಿರದಲ್ಲಿ ಸಾಲು ನಿಂತೆವು. ಕೊನೆಗೆ ಈ ನಗರದ ಕೆಲಸದ ಆಫೀಸು. ಅಲ್ಲಿ ನಡೆದ ಐತಿಹಾಸಿಕ ಸಂವಾದ ಇಂತಿದೆ —

"ಏನು ಕೆಲಸ ಬರುತ್ತೆ ನಿಮಗೆ?"

"ಜನರನ್ನ ಈ ಕಡೆಯಿಂದ ಆ ಕಡೆ ದಾಟಿಸೋದು, ತಾಯಿ."

ಆಕೆ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಕೆಳಗಿಂದ ಮೇಲಕ್ಕೆ ದಾಟಿಸ್ತೀರಾ?"

ಅಷ್ಟೇ. ಒಂದು ತಿಂಗಳು ನೋಡುತ್ತಾರಂತೆ. ಕೆಲಸದ ಜೊತೆ ಟೆರೇಸಿನ ಮೇಲೊಂದು ಕೋಣೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಆಮೇಲೆ ಮತ್ತೆ ಶಿಬಿರ.

ಮಾರ್ಚ್ 4

ನಮ್ಮ ಕೋಣೆಗೆ ಅಂಟಿಕೊಂಡೇ ಲಿಫ್ಟಿನ ಯಂತ್ರದ ಮನೆ. ಇವತ್ತು ರಿಪೇರಿಯವನು ಬೀಗ ತೆಗೆದಿದ್ದ. ಅಪ್ಪ, ಅಮ್ಮ, ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆವು. ಬಿಡಿ ಎಂದು ಯಾರೂ ಹೇಳಿರಲಿಲ್ಲ.

ಏನು ಚಕ್ರ! ನನ್ನಷ್ಟೆತ್ತರ. ಅದರ ಮೇಲೆ ಉಕ್ಕಿನ ಹಗ್ಗ ನಾಲ್ಕು, ಎಣ್ಣೆ ಹಚ್ಚಿದ ಜಡೆಯ ಹಾಗೆ. ಕೆಳಗೆ ಇಣುಕಿದರೆ ಆರು ಮಹಡಿಯ ಕತ್ತಲು. ಲಿಫ್ಟು ಮೇಲೆ ಬರುವಾಗ ಇನ್ನೊಂದು ಕಡೆ ಕಬ್ಬಿಣದ ಭಾರವೊಂದು ಕೆಳಗಿಳಿಯುತ್ತದೆ. ಒಂದು ಕೊಟ್ಟರೆ ಒಂದು ತೆಗೆದುಕೊಳ್ಳುತ್ತದೆ. ಸದ್ದೇ ಇಲ್ಲ.

ನನ್ನಂಥವಳಿಗೂ ತಮಾಷೆ ಹೊಳೆಯಲಿಲ್ಲ. ದಾಖಲಿಸಬೇಕಾದ ಸಂಗತಿ.

ಅಪ್ಪ ಬಹಳ ಹೊತ್ತು ನೋಡಿ ಹೇಳಿದ, "ಇದು ಹೊಳೆನೇ ಕಣೇ. ನೆಟ್ಟಗೆ ನಿಲ್ಲಿಸಿದ್ದಾರೆ ಅಷ್ಟೇ."

ಮಾರ್ಚ್ 7

ಹೊಳೆ ಎಂದಮೇಲೆ ಹೊಳೆಯ ಕಾನೂನು. ಲಿಫ್ಟಿನೊಳಗೆ ಅಪ್ಪ ತೂಕ ಸರಿದೂಗಿಸುತ್ತಾನೆ! "ಸರ್, ನೀವು ಮಧ್ಯಕ್ಕೆ. ಅಕ್ಕಾ, ನೀವು ಎಡಕ್ಕೆ ಸ್ವಲ್ಪ." ನಾಲ್ಕನೆಯ ಮಹಡಿಯ ದಪ್ಪ ವಕೀಲರು ಎರಡು ದಿನದಿಂದ ಮೆಟ್ಟಿಲು ಹತ್ತುತ್ತಿದ್ದಾರೆ. ಅವರ ಆರೋಗ್ಯಕ್ಕೆ ಒಳ್ಳೆಯದು.

ಇದು ಸಣ್ಣದು. ದೊಡ್ಡದು ಕೂಗು. ನಮ್ಮಲ್ಲಿ ದೋಣಿ ಬಿಡುವ ಮುಂಚೆ ಅಂಬಿಗ ದಡದ ಕಡೆ ಕೂಗಬೇಕು — "ಯಾರಾದ್ರೂ ಬರೋರಿದ್ದೀರಾ?" ಬಟ್ಟೆ ಒಗೆಯುವವರೋ ಕಟ್ಟೆಯ ಮುದುಕರೋ ಸುತ್ತ ನೋಡಿ "ದಡ ಖಾಲಿ!" ಎನ್ನಬೇಕು. ಆಗ ಹೊರಡಬಹುದು. ಉತ್ತರ ಬರದಿದ್ದರೆ ಕಾದು ಇನ್ನೊಮ್ಮೆ, ಕಾದು ಮತ್ತೊಮ್ಮೆ. ಮೂರು ಕೂಗು. ದಡ ಖಾಲಿ ಎನ್ನಲು ದಡದಲ್ಲಿ ಒಬ್ಬರಾದರೂ ಇರಬೇಕಲ್ಲ ಎಂದು ಚಿಕ್ಕವಳಿದ್ದಾಗ ಕೇಳಿ ಅಜ್ಜಿಯ ಕೈಲಿ ಮೊಟಕಿಸಿಕೊಂಡಿದ್ದೆ.

ಇಲ್ಲಿ ಉತ್ತರ ಕೊಡಬೇಕೆಂದು ಯಾರಿಗೆ ಗೊತ್ತು? ಹೀಗಾಗಿ ಪ್ರತಿ ಮಹಡಿಯಲ್ಲೂ ಮೂರು ಕೂಗು, ಮೂರು ಕಾಯುವಿಕೆ. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಮನುಷ್ಯನಿಗೆ ವಯಸ್ಸಾಗುತ್ತದೆ.

ಮಾರ್ಚ್ 8

ನಿರೀಕ್ಷಿಸಿದಂತೆ ಗಡಿಯಾರ ಬಂದರು. (ಕಟ್ಟಡದ ಮ್ಯಾನೇಜರು. ಮುಖ ನೋಡಿ ಮಾತಾಡುವುದಿಲ್ಲ, ಮಣಿಕಟ್ಟು ನೋಡಿ ಮಾತಾಡುತ್ತಾರೆ.)

"ಏನ್ರೀ ಇದು, ಲಿಫ್ಟೋ ಬಸ್ ಸ್ಟ್ಯಾಂಡೋ? ಒಂದು ಮಹಡಿಗೆ ಒಂದೂವರೆ ನಿಮಿಷ! ಇಪ್ಪತ್ನಾಲ್ಕಕ್ಕೆ ಮಾಲೀಕರು ಬರ್ತಾರೆ. ಅವತ್ತೂ ಹೀಗೇ ಲೇಟಾದ್ರೆ ಗಂಟು ಮೂಟೆ ಕಟ್ಟಿ."

"ಆಯ್ತು ಸರ್," ಎಂದ ಅಪ್ಪ. ಬಾಗಿಲೆಳೆದ. "ಯಾರಾದ್ರೂ ಬರೋರಿದ್ದೀರಾ?"

ಹೊಳೆ ದಾಟಿದ ಮೇಲೆ ಅಂಬಿಗ ಏನೋ ಆಗುತ್ತಾನೆ ಎಂದು ಗಾದೆಯಿದೆ. ಪೂರ್ತಿ ಬರೆಯುವಂತಿಲ್ಲ. ಅಮ್ಮ ಈ ಪುಸ್ತಕ ಓದುತ್ತಾಳೆಂದು ಗುಮಾನಿ.

ಮಾರ್ಚ್ 9, ಭಾನುವಾರ

ಅಮ್ಮ ಮೂರನೆಯ ಮಹಡಿಯ ದರ್ಜಿಯ ಅಂಗಡಿಗೆ ಗುಂಡಿ ಹೊಲಿಯುತ್ತಾಳೆ. ಇವತ್ತು ಕೋಣೆಗೇ ತಂದಿದ್ದಳು. ಸೂಜಿಗೆ ದಾರ ಪೋಣಿಸಿ ಕೊಡುತ್ತಾ ಕೇಳಿದೆ, "ಒಂದ್ಸಲ ಕೂಗಿ ಹೊರಡೋಕೇನಮ್ಮ ಅಪ್ಪನಿಗೆ?"

ಸೂಜಿ ನಿಂತಿತು.

"ಒಂದ್ಸಲ ಕೂಗಿ ಹೊರಟಿದ್ರು ಕಣೇ. ಅದೇ ಕಷ್ಟ."

ಗೊತ್ತಾಯಿತು. ಊರು ಸುಟ್ಟ ರಾತ್ರಿ. ಕೊನೆಯ ದೋಣಿ. ಅಪ್ಪ ಒಂದೇ ಸಲ ಕೂಗಿದ್ದ. ಉತ್ತರ ಬರಲಿಲ್ಲ. ಹಿಂದೆ ಬಂದೂಕಿನ ಸದ್ದು. ಕಾಯದೆ ಗಳ ಹಾಕಿ ದೋಣಿ ನೂಕಿದ.

"ಬಾಯಿಗೆ ಬೀಗ ಹಾಕಬಹುದು," ಎಂದಳು ಅಮ್ಮ, "ಕಿವಿಗೆ ಹಾಕೋಕಾಗುತ್ತಾ?"

ಮಾರ್ಚ್ 12

ಗಂಭೀರ ಚಿಂತನೆಯ ಫಲ: ಹೊತ್ತು ತಿನ್ನುವುದು ಕೂಗಲ್ಲ, ಬಾರದ ಉತ್ತರ. ಮೊದಲ ಕೂಗಿಗೇ ಉತ್ತರ ಸಿಕ್ಕರೆ ಅಪ್ಪ ತಕ್ಷಣ ಹೊರಡುತ್ತಾನೆ.

ಆದ್ದರಿಂದ ಎರಡನೆಯ ಮಹಡಿಯ ಟೈಪಿಸ್ಟ್ ಅಕ್ಕನಿಂದ, ಮೇಲಿನವರ ಆಜ್ಞೆಯೆಂದು ಹೇಳಿ (ನಾವು ಇರುವುದು ಟೆರೇಸಿನಲ್ಲಿ, ಸುಳ್ಳೇನಲ್ಲ), ಏಳು ಪ್ರತಿ —

"ಪ್ರಕಟಣೆ. ಲಿಫ್ಟ್ ಚಾಲಕರು ಕೂಗಿದಾಗ ಸಮೀಪದಲ್ಲಿರುವವರು ಅಕ್ಕಪಕ್ಕ ನೋಡಿ, ಬರುವವರು ಯಾರೂ ಇಲ್ಲದಿದ್ದಲ್ಲಿ 'ದಡ ಖಾಲಿ' ಎಂದು ಸ್ಪಷ್ಟವಾಗಿ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ. ಆಜ್ಞೆಯ ಮೇರೆಗೆ."

ಕೆಳಗೆ ಮೊಹರು. ದಂತವೈದ್ಯರ ಔಷಧಿ ಬಾಟಲಿಯ ಮುಚ್ಚಳ, ನೀಲಿ ಶಾಯಿ. ಒತ್ತುವಾಗ ಸ್ವಲ್ಪ ಜಾರಿತು, ಆದರೆ ಮೊಹರು ಜಾರಿದಷ್ಟೂ ಅಸಲಿ ಕಾಣುತ್ತದೆ.

ಮಾರ್ಚ್ 14

ಓ ನಗರವೇ! ಕಾಗದಕ್ಕೆ ನಿನ್ನ ವಿಧೇಯತೆಯೇ!

ಯಾರೂ ಯಾಕೆ ಎಂದು ಕೇಳಲಿಲ್ಲ. ದರ್ಜಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ "ದಡ ಖಾಲಿ!" ವಕೀಲರು ಜಡ್ಜಿನ ಮುಂದೆ ನಿಂತಂತೆ "ದಡ ಖಾಲಿ ಇರುತ್ತದೆ." ದಂತವೈದ್ಯರ ಕುರ್ಚಿಯಿಂದ ಯಾರೋ ಬಾಯಿ ತೆರೆದೇ "ಅಅ ಆಆಈ!"

ಅಪ್ಪ ಮೊದಲ ಸಲ ಕೇಳಿದಾಗ ನಾನು ನೆಲಮಹಡಿಯಲ್ಲಿದ್ದೆ. ಹಿಡಿಕೆಯ ಮೇಲೆ ಅವನ ಕೈ ಹಾಗೇ ನಿಂತಿತು. ಬಾವಿಯಂಥ ಆ ಕತ್ತಲಲ್ಲಿ ಮಾತು ಮೇಲಿನಿಂದ ಇಳಿದು ಬರುತ್ತದೆ, ಗೊತ್ತೇ? ನಮ್ಮೂರ ಮಾತು. ಗೊತ್ತಿಲ್ಲದವರ ಬಾಯಿಂದ.

ಮಹಡಿಗೆ ಹದಿನೈದು ಸೆಕೆಂಡು.

ಮಾರ್ಚ್ 21

ಸಿಕ್ಕಿಬಿದ್ದೆ. ಅಂದರೆ, ಮೊಹರು ಸಿಕ್ಕಿಬಿತ್ತು. ಗಡಿಯಾರ ಒಂದು ಪ್ರತಿ ಕಿತ್ತು ಕನ್ನಡಿಗೆ ಹಿಡಿದು ಓದಿದರು: "ಒತ್ತಿ ತಿರುಗಿಸಿ. ಮಕ್ಕಳ ಕೈಗೆ ಸಿಗದಂತೆ ಇಡಿ."

"ಯಾರು ಮಾಡಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ನಾನೇ ಸರ್."

ಏಳೂ ಪ್ರತಿ ಹರಿದರು. ಸೋಮವಾರ ಮಾಲೀಕರ ಮುಂದೆಯೇ ತೀರ್ಮಾನವಂತೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಾಗದ ಹೇಳಿಸಿದ್ದಾ ಅದು," ಎಂದ ಅಷ್ಟೇ. "ನಾನೇನೋ ಅಂದ್ಕೊಂಡಿದ್ದೆ."

ಮಾರ್ಚ್ 24, ಸೋಮವಾರ. ಮಧ್ಯಾಹ್ನ

ಮಾಲೀಕರು ಕೋಲೂರಿ ಬಂದ ಮುದುಕಿ. ಪಕ್ಕದಲ್ಲಿ ಗಡಿಯಾರ. ನಾನು ಆರನೆಯ ಮಹಡಿಯಲ್ಲಿ ಒಣಗಿದ ನೆಲವನ್ನೇ ಒರೆಸುತ್ತಿದ್ದೆ. ಗೋಡೆಯ ಮೇಲೆ ಅಂಟಿನ ಕಲೆ ಮಾತ್ರ.

ಕೆಳಗಿನಿಂದ ಅಪ್ಪನ ದನಿ. "ಯಾರಾದ್ರೂ ಬರೋರಿದ್ದೀರಾ?"

ನಾನೇ ಉತ್ತರ ಕೊಡುವಂತಿಲ್ಲ. ಅಪ್ಪನಿಗೆ ನನ್ನ ದನಿ ಗೊತ್ತು.

ಆಗ ಕೆಳಗೆ, ನೆಲಮಹಡಿಯಲ್ಲಿ ಚಹಾ ಮಾರುವವನು: "ದಡ ಖಾಲಿ ಅಣ್ಣಾ, ಹೊರಡು!"

ಒಂದನೆಯದರಲ್ಲಿ ಯಾರೋ. ಎರಡರಲ್ಲಿ ಟೈಪಿಸ್ಟ್ ಅಕ್ಕ. ಮೂರರಲ್ಲಿ ದರ್ಜಿ, ಪಿನ್ನು ಉಗುಳಿ, ದೊಡ್ಡದಾಗಿ. ನಾಲ್ಕು. ಐದು. ಕಾಗದವಿಲ್ಲ, ಮೊಹರಿಲ್ಲ, ಸೂಕ್ತ ಕ್ರಮವಿಲ್ಲ. ಸುಮ್ಮನೆ ಹೇಳಿದರು! ದನಿಗಳು ಒಂದರ ಮೇಲೊಂದು ಮೆಟ್ಟಿಲಾಗಿ ಲಿಫ್ಟನ್ನು ನನ್ನ ತನಕ ಹತ್ತಿಸಿದವು. ಯಂತ್ರದ ಮನೆಯ ಚಕ್ರ ಕಂಡಾಗಲೂ ನನಗೆ ಹೀಗಾಗಿರಲಿಲ್ಲ.

ಬಾಗಿಲು ತೆರೆಯಿತು. "ಇವರೆಲ್ಲ ಯಾಕ್ರೀ ಕಿರುಚ್ತಾರೆ?" ಮುದುಕಿ ಕೇಳಿದಳು.

"ಅದೇ ಮೇಡಂ, ಈ ಮನುಷ್ಯ —"

"ಮಹಡಿಗೆ ಎಷ್ಟು ಹೊತ್ತಾಯ್ತು?"

ಗಡಿಯಾರ ಮಣಿಕಟ್ಟು ನೋಡಿದರು. ಸುಳ್ಳು ಹೇಳಲು ಬಾರದ ಮನುಷ್ಯ, ಪಾಪ. "ಹನ್ನೊಂದು ಸೆಕೆಂಡ್."

"ಮತ್ತೇನು ನಿಮ್ಮ ಗೋಳು? ಇರಲಿ ಬಿಡಿ ಅವನು."

ಅದೇ ದಿನ, ಸಂಜೆ

ಟೆರೇಸಿನಲ್ಲಿ ಮೂವರೂ. ಕೆಳಗೆ ನಗರ ಒಂದೊಂದೇ ದೀಪ ಹಚ್ಚುತ್ತಿತ್ತು. ಎಷ್ಟು ಕಿಟಕಿ! ಪ್ರತಿಯೊಂದರ ಹಿಂದೆ ಯಾರೋ ಇದ್ದಾರೆ.

"ಎಲ್ಲ ಮಹಡಿಯಿಂದಲೂ ಉತ್ತರ ಬಂತು," ಎಂದ ಅಪ್ಪ. ದೀಪಗಳನ್ನು ನೋಡುತ್ತಾ, "ಆ ರಾತ್ರಿ ದಡದಿಂದ ಒಂದು ಬಂದಿದ್ರೆ."

ನಾನು, ಬಾಯಿಬಡುಕಿ, ಕೋಣೆಗೆ ಬಂದು ಈ ಪುಸ್ತಕ ತೆರೆದೆ.

ಬರೆದಿಡುತ್ತೇನೆ. ಗಳ ಹಾಕುವವನ ಮುಖ ಮುಂದಕ್ಕೆ. ಅಪ್ಪನಿಗೆ ದಡ ಕಾಣಲಿಲ್ಲ. ನಾನು ದೋಣಿಯ ಹಿಂಬದಿಯಲ್ಲಿ ದಡಕ್ಕೆ ಮುಖ ಮಾಡಿ ಕೂತಿದ್ದೆ. ಬೆಂಕಿಯ ಬೆಳಕಲ್ಲಿ ಕಟ್ಟೆ, ಒಗೆಯುವ ಕಲ್ಲು, ದೋಣಿ ಕಟ್ಟುವ ಗೂಟ, ಒಂದೊಂದೂ ಹಗಲಿನ ಹಾಗೆ. ತಿರುವು ಬರುವ ತನಕ ಕಣ್ಣು ಮಿಟುಕಿಸಲಿಲ್ಲ, ಹೆದರಿಕೆಗೆ. ಯಾರೂ ಇರಲಿಲ್ಲ. ಯಾರೂ ಬರಲಿಲ್ಲ. ಅದಕ್ಕೇ ಉತ್ತರ ಬರಲಿಲ್ಲ.

ಮೂರು ವರ್ಷ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಪ್ಪನಿಗೆ ಬೇಕಾದದ್ದು ನನ್ನ ಹತ್ತಿರ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮಾರ್ಚ್ 25. ಬೆಳಿಗ್ಗೆ 5.55

ನೆಲಮಹಡಿ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಚಹಾದವನು ಇನ್ನೂ ಬಂದಿಲ್ಲ. ಕಟ್ಟಡದಲ್ಲಿ ನಾವಿಬ್ಬರೇ. ಅಪ್ಪ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ನನ್ನ ಕಡೆ ನೋಡಿ, "ಬೇಗ ಎದ್ದಿದ್ದೀಯಲ್ಲೇ, ಏನು ಕಿತಾಪತಿ?" ಎಂದ. ಏನಿಲ್ಲ ಎಂದೆ. ಮೊದಲು ಆ ರಾತ್ರಿಯ ಕಟ್ಟೆ ಹೇಳಬೇಕು, ಆಮೇಲೆ ಕಲ್ಲು, ಆಮೇಲೆ ಗೂಟ, ಕೊನೆಗೆ ದಡ ಖಾಲಿ. ನಗಬಾರದು. ಕಂಬಿ ಬಾಗಿಲು ಎಳೆದ. ಉಸಿರು ತೆಗೆದುಕೊಳ್ಳುತ್ತಿದ್ದಾನೆ, ಕೂಗು —