ನೀರು ಕುಡಿದ ನೀರುಗಾಡಿ

ಮದ್ದೂರು
೯ ಫೆಬ್ರವರಿ ೨೦೨೫, ಭಾನುವಾರ

ಗೆಳೆಯ ಸಿದ್ದರಾಮುವಿಗೆ,

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸಮಸ್ತ ಮಹಾಜನರಿಗೆ, ಅದರಲ್ಲೂ ಮಳವಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡು ಯಾರ ಫೋನನ್ನೂ ಎತ್ತದೆ ಕುಳಿತಿರುವ ಒಬ್ಬ ಮಹನೀಯನಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಮೊನ್ನೆ ಶುಕ್ರವಾರ ಬೆಳಿಗ್ಗೆ ನಮ್ಮ ನೀರುಗಾಡಿ ಕೆಮ್ಮಿತು. ಆಮೇಲೆ ಸೀನಿತು. ಆಮೇಲೆ, ನಮ್ಮ ಬೀದಿಯ ನಾಯಿಗಳೆಲ್ಲ ಕೆರೆಯ ದಿಕ್ಕಿಗೆ ಓಡಿಹೋಗುವ ಹಾಗೆ, ಸ್ಟಾರ್ಟ್ ಆಯಿತು.

ನಾವೆಲ್ಲ ಕ್ಷೇಮ. ಪತ್ರ ತಡವಾದದ್ದಕ್ಕೆ ಬೇಸರಿಸಬೇಡ. ದೀಪಾವಳಿಯ ವಾರದಲ್ಲಿ ಕೋಪಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿದವನು ಸಂಕ್ರಾಂತಿಯ ಎಳ್ಳಿಗಾದರೂ ಇಳಿಯುತ್ತೀಯ ಎಂದು ಕಾದೆ. ಎಳ್ಳು ಮುಗಿಯಿತು. ನಿನ್ನ ಪಾಲಿನ ಕಬ್ಬಿನ ಜಲ್ಲೆಯನ್ನು ನಾನೇ ತಿಂದೆ. ಫೋನ್ ಮಾಡಿದರೆ ಫೋನ್ ಕಂಪನಿಯ ಹೆಂಗಸು ಮಾತ್ರ ಮಾತಾಡುತ್ತಾಳೆ. ಆದ್ದರಿಂದ ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ವಿಷಯ ಒಂದೇ: ನೀನು ವಾಪಸ್ಸು ಬರಬೇಕು. ಉಳಿದದ್ದೆಲ್ಲ ಅಲಂಕಾರ.

ನೀನು ಕೋಪಿಸಿಕೊಂಡು ಹೋದ ಆ ದಿನದ ಬಗ್ಗೆ ಊರಲ್ಲಿ ನಾನಾ ಕಥೆಗಳಿವೆ. ಸತ್ಯ ದಾಖಲಾಗಲಿ ಎಂದು ವಿಚಾರಣಾ ಆಯೋಗದ ಗಾಂಭೀರ್ಯದಲ್ಲಿ ಬರೆಯುತ್ತೇನೆ. ಗೋವಾದ ರೇಸುಗಳಲ್ಲಿ ಓಡಿ ಸುಸ್ತಾಗಿ ಗುಜರಿ ಸೇರಿದ್ದ ನೀರಿನ ಮೇಲೆ ಓಡುವ ಜೆಟ್ ಸ್ಕೀ ಒಂದನ್ನು ನಾವಿಬ್ಬರೂ ಅರ್ಧರ್ಧ ಪಾಲು ಹಾಕಿ ತಂದೆವು. ಸೀಟಿಲ್ಲ, ಗಾಲಿಯಿಲ್ಲ, ಒಬ್ಬನೇ ನಿಂತುಕೊಂಡು ಓಡಿಸಬೇಕು. ಪೂಜೆಗೆ ಬಂದ ಪುರೋಹಿತರು ನಿಂಬೆಹಣ್ಣು ಹಿಡಿದುಕೊಂಡು ಅದನ್ನು ಎರಡು ಸುತ್ತು ಬಂದು, "ಇದನ್ನ ಎಲ್ಲಿ ಇಡ್ಲಪ್ಪಾ?" ಎಂದು ನನ್ನನ್ನೇ ಕೇಳಿದರು. ನಾನು ನಿನ್ನ ಮುಖ ನೋಡಿದೆ, ನೀನು ಆಕಾಶ ನೋಡಿದೆ. ಕೊನೆಗೆ ಹಣ್ಣು ಶರಬತ್ತಾಯಿತು.

ಇಂಜಿನ್ ಬಿಚ್ಚಿ, ಪಿಸ್ಟನ್ ಬದಲಿಸಿ, ಕಾರ್ಬುರೇಟರ್ ತೊಳೆದು ಜೋಡಿಸಿ ಆಗಿತ್ತು. ನೆಲದ ಮೇಲೆ ಸ್ಟಾರ್ಟ್ ಮಾಡಿ ನೋಡಬೇಕಾದರೆ ಇಂಜಿನ್ ತಣ್ಣಗಿರಲು ಪೈಪಿನಲ್ಲಿ ನೀರು ಕೊಡಬೇಕು. ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ. ಆಗ ನನ್ನ ಧರ್ಮಪತ್ನಿ ನಾಗಮಣಿಯ ಚಿಕ್ಕಪ್ಪ, ದುದ್ದದ ಚಿಕ್ಕಬೋರಯ್ಯನವರು, ಚಾಪೆಯ ಮೇಲಿಂದಲೇ ಅಪ್ಪಣೆ ಕೊಡಿಸಿದರು.

"ನೀರ್ ತುಂಬುಸ್ದೆ ಯಾವನ್ಲಾ ಮೋಟ್ರು ಆಕ್ತಾನೆ? ಸುಟ್ಟೋಯ್ತದೆ. ಮೊದ್ಲು ನೀರ್ ಬುಡ್ಲಾ ಸಿದ್ದರಾಮು!"

ನಮ್ಮ ಸೀಮೆಯಲ್ಲಿ ಹುಟ್ಟಿದ ಯಾವ ಗಂಡಸು ಇದಕ್ಕೆ ಎದುರಾಡುತ್ತಾನೆ? ಪಂಪಿಗೆ ಮೊದಲು ನೀರು, ಆಮೇಲೆ ಸ್ವಿಚ್ಚು. ಇದು ನಮಗೆ ಎದೆಹಾಲಿನ ಜೊತೆ ಬಂದದ್ದು. ನೀನು ನಲ್ಲಿ ತಿರುಗಿಸಿದೆ. ನಾನೂ ತಲೆಯಾಡಿಸಿದೆ. ಈ ಗಾಡಿಗೆ ಮಾತ್ರ ಉಲ್ಟಾ ಶಾಸ್ತ್ರ: ಮೊದಲು ಇಂಜಿನ್, ಆಮೇಲೆ ನೀರು. ಇಲ್ಲವಾದರೆ ನೀರು ಹೊರಹೋಗುವ ದಾರಿ ಕಾಣದೆ ಸಿಲಿಂಡರಿಗೇ ನುಗ್ಗುತ್ತದೆ. ನುಗ್ಗಿತು. ಸ್ಟಾರ್ಟರ್ ಒತ್ತಿದಾಗ 'ಟಕ್' ಎಂದಿತು. ಪಿಸ್ಟನ್ ನೀರಿಗೆ ಗುದ್ದಿ, ಅದನ್ನು ಹಿಡಿದ ಕನೆಕ್ಟಿಂಗ್ ರಾಡು ಬಾಗಿತು.

ಆಗ ಕಾಫಿ ಲೋಟ ಹಿಡಿದುಕೊಂಡು ಬಂದ ನಾಗಮಣಿ ಹೇಳಿದ್ದು ನಿನಗೂ ನೆನಪಿದೆ. "ಅಲ್ಲ ಕಣಣ್ಣೋ, ನೀರ್ ಮ್ಯಾಲೆ ಓಡೋ ಗಾಡಿ ಅಂತೀರಿ, ಒಂದ್ ಗುಟುಕು ನೀರ್ ಕುಡುದ್ರೆ ಸತ್ತೋಯ್ತದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕೊನೆಯಲ್ಲಿ. ಚಿಕ್ಕಪ್ಪನವರಂತೂ ಅಪ್ಪಣೆ ತಾವು ಕೊಟ್ಟದ್ದನ್ನೇ ಮರೆತು, "ಪಂಪ್‌ಸೆಟ್ ರಿಪೇರಿಯವ್ನ ಕೈಗೆ ಕೊಟ್ರೆ ಇನ್ನೇನಾದದು!" ಎಂದುಬಿಟ್ಟರು. ನೀನು ಕಾಫಿಯನ್ನು ಮುಟ್ಟದೆ ಎದ್ದು ಹೋದೆ. ಆ ನಲ್ಲಿಯನ್ನು ನಿಲ್ಲಿಸಬೇಕೆಂದೂ ಯಾರಿಗೂ ಹೊಳೆಯದೆ ಗ್ಯಾರೇಜಿನೊಳಗೆ ಗದ್ದೆಯಾಯಿತು.

ಮತ್ತೆ ಪೂರಾ ಬಿಚ್ಚಿದೆ, ಈ ಸಲ ಒಬ್ಬನೇ. ಬೇರಿಂಗು ಕೀಳುವಾಗ ಹಿಡಿದುಕೊಳ್ಳುವವರಿಲ್ಲದೆ ನಾಗಮಣಿಯನ್ನು ಕರೆದೆ. ಅವಳು ಧಾರಾವಾಹಿಯ ಜಾಹೀರಾತು ಬಂದಾಗ ಮಾತ್ರ ಹಿಡಿದುಕೊಳ್ಳುತ್ತಾಳೆ. ಕೆಲವು ಸುಧಾರಣೆಗಳನ್ನೂ ಮಾಡಿದ್ದೇನೆ. ನನ್ನ ಎತ್ತರಕ್ಕೆ ಹ್ಯಾಂಡಲ್ ತಗ್ಗಿಸಿದೆ. ಗಾಡಿಯ ಹೊಟ್ಟೆಯ ಬಿರುಕನ್ನು ಫೈಬರ್ ಹಚ್ಚಿ ಮುಚ್ಚಿಸಿದೆ. ನಿಲ್ಲುವ ಜಾಗದ ಮ್ಯಾಟು ಹರಿದಿತ್ತು. ಕೊಟ್ಟಿಗೆಯಲ್ಲಿ ದನಗಳಿಗೆ ಹಾಸುವ ರಬ್ಬರ್ ಮ್ಯಾಟನ್ನು ಕತ್ತರಿಸಿ ಅಂಟಿಸಿದೆ. ಸೀಮೆಹಸುವೇ ಜಾರದ ಜಾಗದಲ್ಲಿ ನಾನು ಜಾರುತ್ತೇನೆಯೇ ಎಂಬುದು ನನ್ನ ತರ್ಕವಾಗಿತ್ತು.

ಜಾರಿದೆ. ನಿನ್ನೆ ಗಾಡಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ದುದ್ದಕ್ಕೆ ಹೋಗಿ, ಚಿಕ್ಕಪ್ಪನವರ ಕೃಷಿ ಹೊಂಡಕ್ಕೆ ಇಳಿಸಿದೆ. ಆ ಹೊಂಡ ನಿನಗೆ ಗೊತ್ತು, ಎರಡು ಬಸ್ಸು ನಿಲ್ಲಿಸಿದರೆ ಮುಗಿಯಿತು. ಗೋವಾದ ಸಮುದ್ರದಲ್ಲಿ ಓಡಿದ ಗಾಡಿಗೆ ಅದು ಕೈಕಾಲು ತೊಳೆಯುವ ಬಚ್ಚಲು. ಮೊದಲು ಇಂಜಿನ್ ಶುರು ಮಾಡಿದೆ, ಎದ್ದು ನಿಂತೆ, ಆಕ್ಸಿಲರೇಟರ್ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎದುರು ದಡ. ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸಿದೆ. ಹಿಂದಿನಿಂದ ಚಿಮ್ಮುವ ನೀರೇ ಇದಕ್ಕೆ ಚುಕ್ಕಾಣಿ, ಆಕ್ಸಿಲರೇಟರ್ ಬಿಟ್ಟರೆ ತಿರುಗುವುದಿಲ್ಲ ಎಂದು ನೀನು ನೂರು ಸಲ ಹೇಳಿದ್ದೆ; ಆ ಗಳಿಗೆಯಲ್ಲಿ ಒಂದು ಸಲವೂ ನೆನಪಾಗಲಿಲ್ಲ. ನಾನು ನೀರಿಗೆ ಬಿದ್ದೆ. ಗಾಡಿ ಮಾತ್ರ ಹೊಂಡದ ಪ್ಲಾಸ್ಟಿಕ್ ಹಾಸಿನ ಮೇಲೆ ಜಾರುಬಂಡೆ ಹತ್ತಿದ ಹಾಗೆ ಹತ್ತಿ, ದಡದ ಏರಿಯನ್ನು ದಾಟಿ, ಕಬ್ಬಿನ ಗದ್ದೆಯೊಳಗೆ ಹೋಯಿತು. ಇಂಜಿನ್ ಆರಿಸುವ ಸ್ವಿಚ್ಚಿನಿಂದ ನನ್ನ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ದಾರ ಕಿತ್ತು ಬಂದದ್ದರಿಂದ ಇಂಜಿನ್ ನಿಂತಿತು. ಇಲ್ಲವಾದರೆ ಮಂಡ್ಯದವರೆಗೂ ಕೊಯ್ಲಾಗುತ್ತಿತ್ತು.

ಆ ಪ್ಲಾಸ್ಟಿಕ್ ಮೇಲೆ ಹತ್ತಿ ಬರಲಾರದೆ ನಾನು ಒದ್ದಾಡುತ್ತಿದ್ದರೆ, ಚಿಕ್ಕಪ್ಪನವರು ಮೊದಲು ಕಬ್ಬು ನೋಡಿಬಂದರು. ಆಮೇಲೆ ದನದ ಹಗ್ಗ ಎಸೆದರು.

"ಅಳಿಯಂದ್ರೇ, ಕಬ್ ಕಡಿಯಕ್ಕೆ ಆಳೇ ಸಿಕ್ತಿರ್ಲಿಲ್ಲ. ನಿಮ್ ಗಾಡಿ ಒಂದ್ ಸಾಲು ಮಲಗುಸ್ಬುಡ್ತು. ನಾಳೆನೂ ತಕ್ಕಬನ್ನಿ."

ಎಲ್ಲರೂ ನಕ್ಕರು. ಈ ಸಲ ನಗಿಸಿಕೊಂಡವನು ನಾನು. ಹಗ್ಗ ಹಿಡಿದುಕೊಂಡು ಮೇಲೆ ಬರುವಾಗ, "ಥೂ, ಎಷ್ಟ್ ಸಲ ಯೋಳಿದ್ದೆ ಕಣ್ಲಾ ನಿಂಗೆ!" ಎಂದು ಉಗಿಯುವವರೊಬ್ಬರೂ ಇರಲಿಲ್ಲ. ಉಳಿದವರಿಗೆಲ್ಲ ನಗುವಷ್ಟು ಮಾತ್ರ ಗೊತ್ತು. ಬೈಯುವಷ್ಟು ಗೊತ್ತಿರುವವನು ನೀನೊಬ್ಬನೇ.

ಅರ್ಧ ಗಾಡಿ ನಿನ್ನದು. ಯಾವ ಅರ್ಧ ಎಂದು ನಾವು ಮಾತಾಡಿಕೊಂಡಿರಲಿಲ್ಲ. ಅದಕ್ಕೇ ಒಂದು ಏಟೂ ಬೀಳದ ಹಾಗೆ ಎರಡೂ ಅರ್ಧಗಳನ್ನು ಕಬ್ಬಿನಿಂದ ಎತ್ತಿಸಿಕೊಂಡು ಬಂದಿದ್ದೇನೆ.

ನಿನ್ನ ಮನೆಯಾಕೆ ಭಾಗ್ಯಲಕ್ಷ್ಮಿಗೆ ನಮಸ್ಕಾರ ಹೇಳು. ನಿಮ್ಮ ಮನೆಯವರೆಲ್ಲ ತಣ್ಣಗಿರಲಿ, ನಿನ್ನ ತಲೆಯೂ ಸೇರಿದಂತೆ.

ಇಂತು ನಿನ್ನ ಪಾಲುದಾರ,
ಸ್ವಾಮಿ

ಬರೆಯಲು ಮರೆತದ್ದು: ಮರೆತಿರಲಿಲ್ಲ. ನಿನ್ನ ಮಗಳು ಮಂಜುಶ್ರೀ ಮದುವೆಯ ಕರೆಯೋಲೆ ನನಗೂ ಬಂತು. ನಮ್ಮ ಐಟಿಐ ಗೆಳೆಯರ ವಾಟ್ಸಪ್ ಗುಂಪಿನಲ್ಲಿ, ಯಾರೋ ಹಾಕಿದ ಗುಡ್ ಮಾರ್ನಿಂಗ್ ಗುಲಾಬಿಗೂ ಇನ್ಯಾರೋ ಮಾರುತ್ತಿರುವ ಟಿಲ್ಲರ್‌ಗೂ ನಡುವೆ. "ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ" ಎಂದಿತ್ತು. ಎಷ್ಟು ಹೊತ್ತು ನೋಡಿದರೂ ಹಾಗೆ ಭಾವಿಸಲು ಆಗಲಿಲ್ಲ, ಸಿದ್ದರಾಮು. ಭಾಗ್ಯಲಕ್ಷ್ಮಿಗೆ ಅಣ್ಣತಮ್ಮಂದಿರಿಲ್ಲ ಎಂದು, ಆ ಮಗುವಿನ ಕಿವಿ ಚುಚ್ಚಿಸಿದ ದಿನ ನನ್ನ ತೊಡೆಯ ಮೇಲೆ ಕೂರಿಸಿದವನು ನೀನು. ಅವಳು ಅತ್ತು ನನ್ನ ಷರ್ಟಿನ ಗುಂಡಿಯನ್ನೇ ಕಿತ್ತಿದ್ದಳು. ಸೋದರಮಾವನನ್ನು ಗುಂಪಿನಲ್ಲಿ ಕರೆಯುತ್ತಾರೇನೋ? ನಾಗಮಣಿಗೆ ಇನ್ನೂ ತೋರಿಸಿಲ್ಲ. "ಸಿದ್ದರಾಮಣ್ಣ ಕಾರ್ಡ್ ಕೊಡಕ್ಕೆ ಯಾವತ್ ಬತ್ತದೆ? ಒಬ್ಬಟ್ಟು ಮಾಡ್ಬೇಕು" ಎಂದು ದಿನವೂ ಕೇಳುತ್ತಾಳೆ. ಬುಧವಾರ ಎಂದಿದ್ದೇನೆ.

ಒಂದು ಸಣ್ಣ ಉಪಕಾರ ಮಾಡು. ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನವನ್ನು ಅಲ್ಲೇ ಭಾಗ್ಯಲಕ್ಷ್ಮಿ ಕೈಯಲ್ಲಿ ಹಚ್ಚಿಸಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಾ. ನಾನಂತೂ ಎರಡೂ ಕೈ ಚಾಚುತ್ತೇನೆ, ಕೈ ತುಂಬ ಗ್ರೀಸು.