ಮೀಸೆಯ ಮದ್ದು

ರಾಯಚೂರು
೯-೩-೨೦೨೬, ಸೋಮವಾರ

ಪ್ರೀತಿಯ ಗೋಪಮ್ಮಾ,

(ಹೀಗೆ ಬರೆದಿದ್ದೇನೆಂದು ಮಗಳ ಮುಂದೆ ಓದಿ ನಗಬೇಡ.)

ಮೊಣಕಾಲು ನೋವು ಹೇಗಿದೆ? ವಿಶಾಖಾಳ ಬಾಣಂತನದ ಗಡಿಬಿಡಿಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಮೊಮ್ಮಗ ಮಲಗಗೊಡುತ್ತಾನೆಯೇ? ಇಲ್ಲಿ ನಾನು, ಅವ್ವ ಇಬ್ಬರೂ ಆರಾಮ. ಅವ್ವ ಈಗಲೂ ರೊಟ್ಟಿ ತಾನೇ ಬಡಿಯುತ್ತಾಳೆ. ನಾನು ಬಡಿದದ್ದನ್ನು ನಾಯಿಯೂ ಮೂಸುವುದಿಲ್ಲವಂತೆ.

ವಿಡಿಯೋ ಕಾಲ್ ಮಾಡಿದಾಗಲೆಲ್ಲ ಬರೀ ಫ್ಯಾನ್ ತೋರಿಸುತ್ತೀರೆಂದು ಬೈಯುತ್ತಿದ್ದೆಯಲ್ಲ, ಅದಕ್ಕೆ ಕಾರಣವಿದೆ. ನೀನು ಮಾನ್ವಿಗೆ, ಮಗಳ ಮನೆಗೆ ಹೋದ ಮೇಲೆ ನನ್ನ ಮೀಸೆಯ ಎಡಗಡೆ ರೂಪಾಯಿಯಷ್ಟಗಲ ಕೂದಲು ಉದುರಿ ನುಣ್ಣಗಾಯಿತು. ಮಿಲ್ಲಿನಿಂದ ಮಾನ್ವಿಗೆ ಅಕ್ಕಿ ಹೇರಿಕೊಂಡು ಬರುವ ಹುಲಗಪ್ಪ ನೋಡಿ, ಹುಳ ತಿಂದಿದೆ, ಬಳ್ಳೊಳ್ಳಿ ಎಸಳು ಜಜ್ಜಿ ತಿಕ್ಕು ಎಂದ. ನಾನೂ ಜಾಣ, ತಿಕ್ಕಿದ್ದಲ್ಲದೆ ಮೇಲೆ ಬಟ್ಟೆ ಕಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ಎದ್ದರೆ ತುಟಿಯ ಮೇಲೆ ಬೊಬ್ಬೆ! ಪಕ್ಕದ ಮನೆಯ ಗುಲ್ಶನ್ ಬೇಗಂ ನೋಡಿ, "ಅಣ್ಣಾರ, ಮಸಾಲಿ ತುಂಬಾಕ ಮೀಸಿ ಏನು ಬದನಿಕಾಯಿ ಏನ್ರಿ?" ಎಂದು ಗದರಿ ದವಾಖಾನೆಗೆ ಅಟ್ಟಿದಳು. ಹುಳವೂ ಇಲ್ಲ ಗಿಳವೂ ಇಲ್ಲ, ಹಲವರಿಗೆ ಕೂದಲು ತಾನಾಗಿಯೇ ಮತ್ತೆ ಬರುತ್ತದೆ, ಚರ್ಮ ಸುಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಬೊಬ್ಬೆ ಮಾಯ್ದ ಮೇಲೆ ಬೇಗಂ ಲೋಳೆಸರ ಹಚ್ಚಿಸಿದಳು. ಆಮೇಲೆ ಉಳ್ಳಾಗಡ್ಡಿ ರಸ, ಅದೂ ನೀರು ಬೆರೆಸಿ. ಅವ್ವ ಮೂಗು ಮುಚ್ಚಿಕೊಂಡು ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದಳು.

ಈಗ ಕೂದಲು ಬಂದಿದೆ. ಯಾರ ಮದ್ದು ಹತ್ತಿತೋ ದೇವರೇ ಬಲ್ಲ, ಬೇಗಂ ಮಾತ್ರ ತನ್ನದೇ ಎನ್ನುತ್ತಾಳೆ. ಆದರೆ ಗೋಪಮ್ಮಾ, ಬಂದದ್ದು ಹಾಲಿನಂಥ ಬಿಳಿ ಕೂದಲು. ಉಳಿದದ್ದು ನಾನು ಹಚ್ಚುವ ಕರಿ ಬಣ್ಣ. ಗಾಯದ ಜಾಗಕ್ಕೆ ಬಣ್ಣ ಮುಟ್ಟಿಸಲೇಬೇಡಿ ಎಂದಿದ್ದಾರೆ ಡಾಕ್ಟರು. ಪೂರಾ ಬೋಳಿಸೋಣವೆಂದರೆ, ನಮ್ಮಲ್ಲಿ ಹೆತ್ತವರು ಸತ್ತಾಗಲ್ಲವೇ ಮೀಸೆ ತೆಗೆಯುವುದು? ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಮನೆಗೆ ಬೋಳು ಮುಖ ಹೊತ್ತು ಬಂದರೆ ಬೀಗರು ಅವ್ವ ಹೋದಳೆಂದು ಅಳಲು ಶುರು ಮಾಡುತ್ತಾರೆ. ಅವ್ವನಿಗೆ ಹೇಳಿದರೆ, "ನಾ ಇನ್ನೂ ಗಟ್ಟಿ ಅದೀನಿ, ಕತ್ತಿ ಮುಟ್ಟೀಯಂದ್ರ ನೋಡು" ಎಂದಳು.

ಅದಕ್ಕೇ ಗುರುವಾರದ ತೊಟ್ಟಿಲಿಗೆ ನಾನು ಬರುವುದು ಬೇಡವೆನಿಸಿದೆ. ಬೀಗರ ಮುಂದೆ ನಗೆಪಾಟಲಾಗಲು ನನಗೆ ನಿಜವಾಗಿಯೂ ನಾಚಿಕೆ. ಮೊಮ್ಮಗನನ್ನು ಎತ್ತಿಕೊಳ್ಳುವ ಆಸೆಯೇನೋ ಬಹಳ ಇದೆ. ಹುಷಾರಿಲ್ಲವೆಂದು ನೀನೇ ಹೇಳಿಬಿಡು.

ಮಗುವಿಗೆ ಮುತ್ತಜ್ಜಿಯ ಹರಕೆ, ಮಗಳು ಅಳಿಯನಿಗೆ ನನ್ನ ಆಶೀರ್ವಾದ, ನಿನ್ನ ಮೊಣಕಾಲಿಗೆ ಇದರ ಜೊತೆಗಿರುವ ಎಣ್ಣೆ.

ಇತಿ ನಿನ್ನ,
ಉರುಕುಂದಪ್ಪ

ತಾ.ಕ.: ಈ ಕಾಗದ ಒಯ್ಯಲು ಹುಲಗಪ್ಪ ಗಾಡಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ. ಹುಷಾರಿಲ್ಲವೆಂದು ಹೇಳಬೇಡ, ಬರುತ್ತೇನೆ. ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಅವ್ವನನ್ನೂ ಕರೆತರುತ್ತೇನೆ. ಬಸ್‌ಸ್ಟ್ಯಾಂಡಿಗೆ ಅಳಿಯನನ್ನು ಕಳಿಸಬೇಡ, ನೀನೊಬ್ಬಳೇ ಬಾ. ಮೊದಲು ನೀನು ನೋಡಿ ಹೊಟ್ಟೆ ತುಂಬ ನಕ್ಕುಬಿಡು. ಆಮೇಲೆ ಯಾರು ನಕ್ಕರೂ ನನಗೇನೂ ಅನಿಸುವುದಿಲ್ಲ.